ಕಾರಿನ ಆಯುಷ್ಯ, ನಕಾಶೆಯ ಆಯುಷ್ಯ

ರಿಚರ್ಡ್ಸ್ ಪಾರ್ಕಿನ ಹಳೆಯ ಮರಗಳ ನೆರಳಿನಲ್ಲಿ ನಿಲ್ಲುವ ನಮ್ಮ ಕಾರಿಗೆ ಈಗ ಹನ್ನೊಂದು ವರ್ಷ ತುಂಬಿದೆ. ಅದರ ಎಂಜಿನ್ನಿಗೆ ಇನ್ನೂ ಮುಪ್ಪು ಬಂದಿಲ್ಲ. ಆದರೆ ತಯಾರಕರು ಡ್ಯಾಶ್‌ಬೋರ್ಡಿನ ನಡುವೆ ಕೂರಿಸಿಕೊಟ್ಟ ನ್ಯಾವಿಗೇಷನ್ ಪರದೆ ಮಾತ್ರ ತಾನು ಹುಟ್ಟಿದ ವರ್ಷದ ಬೆಂಗಳೂರನ್ನೇ ಇಂದಿಗೂ ಕಾಣುತ್ತಿದೆ. ನಾಗವಾರದತ್ತ ಸಾಗುವ ಮೆಟ್ರೊ ಸುರಂಗಕ್ಕಾಗಿ ಪಾಟರಿ ಟೌನಿನಲ್ಲಿ ನೆಲ ಅಗೆದುದಾಗಲಿ, ಆ ಕಾಮಗಾರಿಯ ನಿಮಿತ್ತ ನೆರೆಯ ಬೀದಿಗಳ ಸಂಚಾರವು ಮಾರ್ಗ ಬದಲಿಸಿದುದಾಗಲಿ ಅದರ ಅರಿವಿಗೆ ಬಂದೇ ಇಲ್ಲ. ಮನೆಯ ಸುತ್ತಮುತ್ತ ಇದರಿಂದ ಹಾನಿಯಿಲ್ಲ, ಏಕೆಂದರೆ ಇಲ್ಲಿನ ಪ್ರತಿಯೊಂದು ತಿರುವನ್ನೂ ಕಾಲೇ ಬಲ್ಲದು. ಆದರೆ ಕಳೆದ ಮಳೆಗಾಲದ ಒಂದು ಸಂಜೆ, ವೃದ್ಧೆಯಾದ ತಾಯಿಯನ್ನು ಕೆ.ಆರ್. ಪುರದ ಆಚೆಯ ಬಂಧುಗಳ ಮನೆಗೆ ಕರೆದೊಯ್ಯುತ್ತಿದ್ದಾಗ, ಆ ಯಂತ್ರದ ಮಾತನ್ನು ನಂಬಿ ತಗಡಿನ ಬೇಲಿ ಅಡ್ಡಗಟ್ಟಿದ್ದ ಬೀದಿಯೊಂದರ ತುದಿಯವರೆಗೂ ಹೋಗಿ, ಸುರಿಯುವ ಮಳೆಯಲ್ಲಿ, ಹಿಂದೆ ಸಾಲುಗಟ್ಟಿದ ವಾಹನಗಳ ನಡುವೆ ಬಹಳ ಹೊತ್ತು ಸಿಕ್ಕಿಕೊಂಡ ಮೇಲೆ ಈ ವಿಷಯವು ಅಲಕ್ಷಿಸತಕ್ಕದ್ದಲ್ಲವೆಂದು ನನಗೆ ಮನವರಿಕೆಯಾಯಿತು.

ಸಲಹೆಗಳಿಗೆ ಬರವಿರಲಿಲ್ಲ. ‘ಜೆ.ಸಿ. ರಸ್ತೆಗೆ ಹೋಗಿ ಒಂದು ಆಂಡ್ರಾಯ್ಡ್ ಸೆಟ್ ಹಾಕಿಸಿಬಿಡಿ ಸಾರ್, ಒಂದು ಗಂಟೆಯ ಕೆಲಸ’ ಎಂದರು ಕೆಲವರು. ‘ಕಂಪನಿ ಫಿಟ್ಟಿಂಗ್ ಮಾತ್ರ ಮುಟ್ಟಬೇಡಿ, ವೈರಿಂಗ್ ಕೆಟ್ಟರೆ ಕಾರೇ ಕೆಡುತ್ತದೆ’ ಎಂದರು ಇನ್ನು ಕೆಲವರು. ಇವೆರಡೂ ಅನುಭವದ ಮಾತುಗಳೇ ಆದುದರಿಂದ, ಯಾವುದೊಂದನ್ನೂ ತಳ್ಳಿಹಾಕದೆ ಎರಡನ್ನೂ ವಿಚಾರಿಸಿ ನೋಡುವುದು ನ್ಯಾಯ.

ತಯಾರಕರ ಯಂತ್ರಕ್ಕೆ ನಿಜವಾದ ಗುಣಗಳಿವೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಜ್ಞೆ ದೊರೆತಲ್ಲದೆ ಯಾವ ಗ್ರಾಹಕ ಯಂತ್ರವೂ ತನ್ನ ಸ್ಥಾನವನ್ನು ನಿಶ್ಚಯವಾಗಿ ಹೇಳಲಾರದು. ಹಲಸೂರಿನ ಬಳಿ ಮೆಟ್ರೊ ಮಾರ್ಗದ ಕಾಂಕ್ರೀಟಿನ ಅಡಿಯಲ್ಲಿ ಸಾಗುವಾಗಲೋ, ರೈಲುಹಳಿಯ ಕೆಳಸೇತುವೆಯನ್ನು ಹೊಕ್ಕಾಗಲೋ ಆ ಸಂಜ್ಞೆ ಕ್ಷೀಣಿಸುತ್ತದೆ. ಅಂತಹ ವೇಳೆಯಲ್ಲಿ, ಕಾರಿನೊಡನೆಯೇ ಹುಟ್ಟಿದ ಒಳ್ಳೆಯ ಯಂತ್ರವು ಚಕ್ರಗಳ ವೇಗವನ್ನೂ ವಾಹನ ತಿರುಗಿದ ಕೋನವನ್ನೂ ಒಳಗಿಂದಲೇ ಅರಿತು, ಆಕಾಶದ ನೆರವಿಲ್ಲದೆ ಕೆಲವು ನೂರು ಮೀಟರುಗಳವರೆಗೆ ತನ್ನ ಲೆಕ್ಕವನ್ನು ತಾನೇ ಮುಂದುವರಿಸುತ್ತದೆ; ಗಾಜಿನಡಿಯಲ್ಲಿ ಅಂಟಿಸಿದ ಪುಟ್ಟ ಆಂಟೆನಾವನ್ನು ನೆಚ್ಚಿದ ಅಗ್ಗದ ಸೆಟ್ಟಿಗೆ ಈ ಸಾಮರ್ಥ್ಯ ಸಾಮಾನ್ಯವಾಗಿ ಇರುವುದಿಲ್ಲ. ಎಂಜಿನಿಯರರ ಈ ವಿವೇಕವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ.

ಆದರೆ ದಾರಿ ತೋರುವುದು ಯಂತ್ರವಲ್ಲ, ಅದರೊಳಗಿನ ನಕಾಶೆ. ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1804ರಲ್ಲಿ ಬೆಂಗಳೂರಿನ ಸಮೀಪದಲ್ಲಿ ಸರಪಳಿ ಹಿಡಿದು ಆಧಾರರೇಖೆಯನ್ನು ಅಳೆದಾಗ, ಆ ಅಳತೆಯಿಂದ ಹುಟ್ಟಿದ ನಕಾಶೆ ತಲೆಮಾರುಗಳ ಕಾಲ ಸಲ್ಲಿತು, ಏಕೆಂದರೆ ಬೆಟ್ಟಗಳು ತಮ್ಮ ಸ್ಥಾನವನ್ನು ಬದಲಿಸವು. ನಗರದ ನಕಾಶೆಯಾದರೋ ಏಕಮುಖ ಸಂಚಾರದ ಒಂದು ಫಲಕದಿಂದ, ಒಂದು ಹೊಸ ಮೇಲ್ಸೇತುವೆಯಿಂದ, ಮೆಟ್ರೊ ಕಾಮಗಾರಿಯ ಒಂದು ಬೇಲಿಯಿಂದ ರಾತ್ರಿ ಬೆಳಗಾಗುವುದರೊಳಗೆ ಹಳತಾಗುತ್ತದೆ. ನಮ್ಮ ಕಾನೂನಿನಂತೆ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ, ಎಸ್.ಡಿ. ಕಾರ್ಡಿನಲ್ಲಿ ತುಂಬಿಟ್ಟ ನಕಾಶೆಯೋ ಕೆಲವೇ ವರ್ಷಗಳಲ್ಲಿ ನವೀಕರಣವಿಲ್ಲದೆ ಒಣಗುತ್ತದೆ. ನಮ್ಮ ಕಾರಿನ ನಕಾಶೆಯನ್ನು ಹೊಸದಾಗಿಸಲು ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದಾಗ, ಆ ಮಾದರಿಗೆ ಈಗ ನವೀಕರಣ ಬರುತ್ತಿಲ್ಲವೆಂಬ ಉತ್ತರವಷ್ಟೇ ದೊರೆಯಿತು.

ಮುಪ್ಪು ನಕಾಶೆಗೆ ಮಾತ್ರವೇ ಬರುವುದೂ ಅಲ್ಲ. ಜಿ.ಪಿ.ಎಸ್. ತನ್ನ ಮೂಲ ಸಂಜ್ಞೆಯಲ್ಲಿ ವಾರಗಳನ್ನು ಸೊನ್ನೆಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಹಿಂದಿರುಗುತ್ತದೆ. ಈ ಆವೃತ್ತಿಗೆ ಇಪ್ಪತ್ತು ವರ್ಷಕ್ಕೆ ತುಸು ಕಡಮೆ ಕಾಲ ಹಿಡಿಯುತ್ತದೆ. 2019ರ ಏಪ್ರಿಲ್ 6ರಂದು ಎಣಿಕೆ ಹೀಗೆ ಹೊರಳಿದಾಗ, ಅದಕ್ಕೆ ಸಿದ್ಧವಾಗಿರದ ಹಳೆಯ ಯಂತ್ರಗಳು ದಿನಾಂಕವನ್ನು ತಪ್ಪಿದವು. 2022ರ ಜನವರಿಯಲ್ಲಿ ಅಮೆರಿಕ ಮೊದಲಾದ ದೇಶಗಳಲ್ಲಿ ಹೋಂಡಾ ಸಂಸ್ಥೆಯ ಅನೇಕ ಹಳೆಯ ಕಾರುಗಳ ಗಡಿಯಾರಗಳು ಒಮ್ಮೆಲೇ 2002ನೆಯ ಇಸವಿಗೆ ಹಿಂದೆ ಸರಿದುದೂ ಇಂತಹುದೇ ಎಣಿಕೆಯ ದೋಷದಿಂದ ಎಂದು ತಜ್ಞರು ಊಹಿಸಿದರು.

ಹಾಗಾದರೆ ಹೊರಗಿನ ಸೆಟ್ ಲೇಸೇ? ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದು ಇಡೀ ದಿನವನ್ನು ನಾನು ಕಳೆದೆನು. ಡಬಲ್ ಡಿನ್ ಎಂದು ಕರೆಯುವ, 180 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಎತ್ತರದ ಚೌಕಟ್ಟು ಇರುವ ಕಾರಾದರೆ ಕೂರಿಸುವುದು ಸುಲಭ; ಇಲ್ಲದಿದ್ದರೆ ಮಾದರಿಗೆ ತಕ್ಕ ಫ್ರೇಮ್ ಬೇಕು. ಅಲ್ಲಿ ನುರಿತ ಕೆಲಸಗಾರರೂ ಇದ್ದಾರೆ, ಅವಸರದವರೂ ಇದ್ದಾರೆ. ಕಾರಿನ ಮೂಲ ತಂತಿಗಳನ್ನು ಕತ್ತರಿಸಿ, ಟೇಪು ಸುತ್ತಿ ಜೋಡಿಸುವವನ ಕೈಗೆ ಹಳೆಯ ವಾಹನವನ್ನು ಒಪ್ಪಿಸಬಾರದು. ಕಾರಿನ ಸಾಕೆಟ್ಟಿಗೆ ನೇರವಾಗಿ ಕೂಡುವ ಕಪ್ಲರನ್ನು ಬಳಸುವವನೇ ಬಲ್ಲವನು. ಸದಾ ವಿದ್ಯುತ್ತು ಹರಿಯುವ ತಂತಿಯನ್ನೂ, ಕೀಲಿ ತಿರುಗಿಸಿದಾಗ ಮಾತ್ರ ಹರಿಯುವ ತಂತಿಯನ್ನೂ ಗುರುತಿಸದೆ ಬೆರೆಸಿದರೆ, ಸೆಟ್ಟು ರಾತ್ರಿಯೆಲ್ಲ ಎಚ್ಚರವಾಗಿದ್ದು ಬ್ಯಾಟರಿಯನ್ನು ಹೀರುತ್ತದೆ; ವಾರಕ್ಕೊಮ್ಮೆ ಮಾತ್ರ ಹೊರಡುವ ನಮ್ಮಂತಹವರ ಕಾರಿಗೆ ಇದು ದೊಡ್ಡ ಕಷ್ಟ. ಇನ್ನೊಂದು ಮಾತು: ತಯಾರಕರ ಬೆಲೆಪಟ್ಟಿಯಲ್ಲಿಲ್ಲದ ಇಂತಹ ವಿದ್ಯುತ್ ಉಪಕರಣಗಳನ್ನು ವಿಮೆಯ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿ ಹೆಚ್ಚುವರಿ ಪ್ರೀಮಿಯಮ್ ತೆರದಿದ್ದರೆ, ಕಳವಾದ ದಿನ ಪರಿಹಾರವನ್ನು ಬೇಡುವ ಹಕ್ಕು ನಮಗಿರುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ತನ್ನದೇ ನಕಾಶೆಯನ್ನು ಹೊತ್ತು ಬರುವ ಹೊರಗಿನ ಸೆಟ್ಟೂ ಮೂರು ನಾಲ್ಕು ವರ್ಷಗಳಲ್ಲಿ ತಯಾರಕರ ಯಂತ್ರದ ಗತಿಯನ್ನೇ ಹೊಂದುತ್ತದೆ. ಈ ವಾದದಲ್ಲಿ ನಾವು ಬಹುವಾಗಿ ಮರೆಯುವುದು ಇದನ್ನೇ. ಆಯ್ಕೆ ಮಾಡಬೇಕಾದದ್ದು ಕಂಪನಿಯದೋ ಹೊರಗಿನದೋ ಎಂಬುದನ್ನಲ್ಲ. ನಕಾಶೆಯು ಕಾರಿನಲ್ಲಿ ಹೂತಿರಬೇಕೋ, ನಿತ್ಯವೂ ಹೊಸದಾಗುವ ಕಡೆಯಿಂದ ಬರಬೇಕೋ ಎಂಬುದನ್ನು. ಆ ಕಡೆ ಇಂದು ಎಲ್ಲರ ಜೇಬಿನಲ್ಲಿದೆ. ಫೋನಿನ ನಕಾಶೆ ದಟ್ಟಣೆಯನ್ನು ಆ ಕ್ಷಣದಲ್ಲೇ ಅರಿಯುತ್ತದೆ. 2018ರಿಂದ ಗೂಗಲ್ ನಕಾಶೆ ಕನ್ನಡದಲ್ಲೇ ದಾರಿಯನ್ನು ನುಡಿಯುತ್ತಿದೆ, ಹಿಂದಿನ ಆಸನದಲ್ಲಿ ಕುಳಿತ ನನ್ನ ತಾಯಿಗೂ ತಿಳಿಯುವಂತೆ. ಕಾನೂನೂ ಇದಕ್ಕೆ ಎಡೆಗೊಟ್ಟಿದೆ: 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ದಾರಿ ತಿಳಿಯುವುದಕ್ಕಾಗಿ ಮಾತ್ರ ಫೋನನ್ನು ಬಳಸಬಹುದು.

ಆದುದರಿಂದ ನಾನು ತಳೆದ ನಿರ್ಧಾರವಿದು. ತಯಾರಕರ ಯಂತ್ರ ಜೀವಂತವಾಗಿರುವವರೆಗೆ, ಹಿಂಬದಿಯ ಕ್ಯಾಮೆರಾಕ್ಕೂ ಸಂಗೀತಕ್ಕೂ ಅದು ಹಾಗೆಯೇ ಇರಲಿ. ದಾರಿಯನ್ನು ದೃಷ್ಟಿಗೆ ಅಡ್ಡವಾಗದಂತೆ ಬಿಗಿಯಾಗಿ ಹಿಡಿದಿಟ್ಟ ಫೋನು ತೋರಲಿ. ಯಂತ್ರವು ಪೂರ್ಣವಾಗಿ ಕೆಟ್ಟ ದಿನ, ಫೋನಿನ ನಕಾಶೆಯನ್ನೇ ತನ್ನ ಪರದೆಯ ಮೇಲೆ ಬಿಂಬಿಸುವ, ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಇರುವ ಸೆಟ್ಟನ್ನು ಕಪ್ಲರಿನ ಮೂಲಕ ಹಾಕಿಸುವುದು, ಹಳೆಯದನ್ನು ಮನೆಯ ಬೀರುವಿನಲ್ಲಿ ಜೋಪಾನವಾಗಿ ಇಡುವುದು.

ಕಾರು ತಯಾರಕರಲ್ಲಿ ಒಂದು ವಿನಂತಿಯಿದೆ. ಹದಿನೈದು ವರ್ಷ ಓಡತಕ್ಕ ವಾಹನಕ್ಕೆ ನಕಾಶೆಯನ್ನು ಸೇರಿಸಿ ಬೆಲೆ ಪಡೆದವರು, ಹದಿನೈದು ವರ್ಷವೂ ಆ ನಕಾಶೆಯನ್ನು ನವೀಕರಿಸಿಕೊಡುವ ಹೊಣೆಯನ್ನು ಹೊರಬೇಕು. ಅದಾಗದಿದ್ದರೆ ಅದರ ಅವಧಿಯನ್ನು ಮಾರಾಟದ ಕಾಗದದಲ್ಲೇ ಮುದ್ರಿಸಬೇಕು. ಓದುಗರೇ, ಮುಂದಿನ ಸಲ ಕಾರು ಕೊಳ್ಳಲು ಹೋದಾಗ ಈ ನಕಾಶೆ ಯಾವ ಇಸವಿಯವರೆಗೆ ಹೊಸದಾಗುತ್ತಿರುವುದೆಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.