ದೀಪದ ದರಕ್ಕೆ ವಾಯಿದೆಯ ಕರಾರು

ಒಲೆ ಹೊತ್ತಿಸುವ ಮುನ್ನ ಪೇಟೆಯ ಧಾರಣೆ ನೋಡಬೇಕಾದ ಸ್ಥಿತಿ ಬ್ರಿಟನ್ನಿನ ಸಾಮಾನ್ಯ ಗೃಹಸ್ಥನಿಗೆ ಒದಗಿದೆ. ಅಲ್ಲಿ ಮನೆಗಳಿಗೆ ಗ್ಯಾಸು, ವಿದ್ಯುತ್ತು ಮಾರುವವು ಕಂಪನಿಗಳು. ವರುಷಕ್ಕೋ ಎರಡು ವರುಷಕ್ಕೋ ಇಂತಿಷ್ಟೇ ದರವೆಂದು ಕರಾರು ಮಾಡಿಕೊಳ್ಳಬಹುದು. ಇಲ್ಲವೆ ಏರಿಳಿಯುವ ದರಕ್ಕೆ ತಲೆಯೊಡ್ಡಬಹುದು. ಕರಾರಿನ ವಾಯಿದೆ ಮುಗಿಯುತ್ತ ಬಂದಂತೆ, ಈಗಲೇ ನವೀಕರಿಸುವುದೋ ಕಾದು ನೋಡುವುದೋ ಎಂಬ ಚಿಂತೆ ಹತ್ತುತ್ತದೆ. ಅಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೂ ಇದು ತಪ್ಪಿದ್ದಲ್ಲ. ನಾಳೆ ನಮ್ಮ ಮನೆಗಳಿಗೂ ಬರಬಹುದಾದ ಚಿಂತೆಯೆಂದು ಇದನ್ನಿಲ್ಲಿ ಎತ್ತಿಕೊಂಡಿದ್ದೇವೆ.

ಆ ದೇಶದ ಲೇಬರ್ ಸರಕಾರ 1948ರಲ್ಲಿ ವಿದ್ಯುತ್ತನ್ನೂ, ಮರುವರುಷ ಗ್ಯಾಸನ್ನೂ ರಾಷ್ಟ್ರೀಕರಿಸಿತ್ತು. 1986ರಲ್ಲಿ ಗ್ಯಾಸು, 1990ರಿಂದ ವಿದ್ಯುತ್ತು ಖಾಸಗಿಯವರ ಪಾಲಾದವು. 1999ರ ಹೊತ್ತಿಗೆ ಪ್ರತಿ ಮನೆಗೂ ಮಾರಾಟಗಾರನನ್ನು ಆರಿಸಿಕೊಳ್ಳುವ 'ಸ್ವಾತಂತ್ರ್ಯ' ದೊರೆಯಿತು. ಕಂಪನಿ ಬದಲಿಸದೆ ಸುಮ್ಮನಿದ್ದವರಿಂದಲೇ ಹೆಚ್ಚು ಸುಲಿಗೆಯಾಗುತ್ತಿದೆಯೆಂದು ಕೊನೆಗೆ ಸರಕಾರವೇ ಒಪ್ಪಿ, 2019ರ ಜನವರಿಯಿಂದ ಏರಿಳಿಯುವ ದರಕ್ಕೊಂದು ಮಿತಿ ಹಾಕಬೇಕಾಯಿತು. ಹಾಕಿದ್ದು ಪೇಟೆಯ ಭಜನೆಯನ್ನೇ ಮಾಡುತ್ತ ಬಂದಿದ್ದ ಕನ್ಸರ್ವೇಟಿವ್ ಪಕ್ಷ ಎಂಬುದು ಗಮನಿಸತಕ್ಕ ಮಾತು.

ಈ ಮಿತಿ ಬಿಲ್ಲಿನ ಮೊತ್ತಕ್ಕಲ್ಲ; ಯೂನಿಟ್ಟಿನ ದರಕ್ಕೆ ಮತ್ತು ದಿನಕ್ಕಿಷ್ಟೆಂದು ತಗಲುವ ಸ್ಥಿರ ಶುಲ್ಕಕ್ಕೆ. ಸಾಧಾರಣ ಬಳಕೆಯ ಮನೆಯ ವರುಷದ ಲೆಕ್ಕದಲ್ಲಿ 2021ರ ಅಕ್ಟೋಬರಿನಲ್ಲಿ ಅದು 1,277 ಪೌಂಡು ಇತ್ತು. 2022ರ ಏಪ್ರಿಲ್‌ನಲ್ಲಿ 1,971 ಆಯಿತು. ಅದೇ ಅಕ್ಟೋಬರಿಗೆ 3,549 ಎಂದು ಪ್ರಕಟವಾದಾಗ ದೇಶವೇ ತಲ್ಲಣಿಸಿತು. ಸರಕಾರ ಬೊಕ್ಕಸದಿಂದ ಹಣ ಸುರಿದು 2,500ಕ್ಕೆ ತಡೆಹಿಡಿಯಿತು. 2021ರ ಬೇಸಗೆಯಲ್ಲಿ ಎರಡು ವರುಷಕ್ಕೆ ಕರಾರು ಮಾಡಿಕೊಂಡಿದ್ದವರು, ಅವರ ಕಂಪನಿ ಉಳಿದಿದ್ದರೆ, ಗೆದ್ದರು. ಆ ಗೆಲವಿನಲ್ಲಿ ಜಾಣತನ ಎಷ್ಟು, ಅದೃಷ್ಟ ಎಷ್ಟು? ಯುಕ್ರೇನಿನ ಯುದ್ಧವನ್ನು ಯಾವ ಗೃಹಿಣಿ ಮುಂಗಾಣಬಲ್ಲವಳಾಗಿದ್ದಳು? 2023ರ ಜುಲೈಗೆ ಮಿತಿ 2,074ಕ್ಕೆ ಇಳಿಯಿತು. ಅಂಥ ಇಳಿತದ ಹೊತ್ತಿಗೆ ದುಬಾರಿ ಕರಾರಿನಲ್ಲಿ ಸಿಕ್ಕಿಕೊಂಡವನು ಹೊರಬರಲು ದಂಡ ತೆರಬೇಕಾಗುತ್ತದೆ.

ಹಾಗಾದರೆ ಯಾವಾಗ ನವೀಕರಿಸಬೇಕು? ನಮ್ಮ ಅಂಗಡಿಕಾರ ಬಂಧುಗಳಿಗೆ ಈ ಲೆಕ್ಕ ಬೇಗ ಹೊಳೆದೀತು. ಜೋಳದ ವ್ಯಾಪಾರಿ ಒಂದು ಸುಗ್ಗಿಯಲ್ಲಿ ಸೋತರೆ ಇನ್ನೊಂದರಲ್ಲಿ ತುಂಬಿಕೊಳ್ಳುತ್ತಾನೆ; ಸರಕನ್ನು ಕೋಣೆಯಲ್ಲಿಟ್ಟು ಕಾಯುತ್ತಾನೆ. ಮನೆಯವನು ಬೆಳಕನ್ನು ಮೂಟೆ ಕಟ್ಟಿ ಇಡಲಾರ, ಚಳಿಗಾಲವನ್ನು ಮುಂದೂಡಲಾರ. ಆದ್ದರಿಂದ ತೀರ ಕಡಿಮೆ ದರದ ದಿನವನ್ನು ಹಿಡಿಯಲು ಹೊರಡುವುದು ಅವನ ಕೆಲಸವಲ್ಲ. ತಿಂಗಳ ಸಂಬಳದಲ್ಲಿ ಒಂದು ಏರಿಕೆಯನ್ನೂ ತಾಳಲಾರದವನು, ಮಿತಿಯ ದರಕ್ಕಿಂತ ಕಡಿಮೆಯದೋ ಅದರ ಆಸುಪಾಸಿನದೋ ಕರಾರು ಸಿಕ್ಕೊಡನೆ ಮಾಡಿಕೊಳ್ಳುವುದು ಲೇಸು. ನಾಲ್ಕು ಕಾಸು ಹೆಚ್ಚಾದರೂ ಅದು ನೆಮ್ಮದಿಯ ಬೆಲೆ. ಕೈಯಲ್ಲಿ ಸ್ವಲ್ಪ ಉಳಿತಾಯವಿದ್ದವನು ಕಾಯಬಹುದು.

ಕಾಲದ ಲೆಕ್ಕವೂ ಒಂದಿದೆ. ವಾಯಿದೆ ಮುಗಿಯಲು 49 ದಿನ ಇರುವಾಗಿನಿಂದ ಕಂಪನಿ ಬಿಟ್ಟುಹೋಗುವವನಿಂದ ದಂಡ ಕೇಳುವಂತಿಲ್ಲ. ಸೆಪ್ಟೆಂಬರ್ 30ಕ್ಕೆ ಕರಾರು ಮುಗಿಯುವುದಾದರೆ ಆಗಸ್ಟ್ 12ರಿಂದಲೇ ಬೇರೆ ಕಡೆ ವಿಚಾರಿಸಬಹುದು. ಅಕ್ಟೋಬರಿನ ಮಿತಿಯನ್ನು ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ಆಗಸ್ಟ್ ಕೊನೆಯಲ್ಲಿ ಸಾರುತ್ತದೆ. ಆದರೆ ಆ ಡಂಗುರ ಕೇಳಿದ ಮೇಲೆ ಓಡುವುದರಿಂದ ಲಾಭವಿಲ್ಲ. ಸಗಟು ಪೇಟೆಯ ಧಾರಣೆ ಕಂಪನಿಗಳಿಗೆ ದಿನವೂ ಗೊತ್ತಿರುತ್ತದೆ, ಮಿತಿ ಏರುವ ಸೂಚನೆ ಕಂಡರೆ ಅಗ್ಗದ ಕರಾರು ಮೊದಲೇ ಮಾಯವಾಗುತ್ತದೆ. 49ನೆಯ ದಿನವೇ ನೋಡಿ, ಹಿಡಿಸಿದ್ದನ್ನು ಒಪ್ಪಿ, ಮನಸ್ಸು ತಿರುಗಿದರೆ 14 ದಿನಗಳೊಳಗೆ ರದ್ದು ಮಾಡುವ ಹಕ್ಕನ್ನು ಉಪಯೋಗಿಸುವುದೇ ಮೇಲು. ತಿಂಗಳಿಗೆ ಇಷ್ಟು ಪೌಂಡೆಂಬ ಜಾಹೀರಾತನ್ನು ನಂಬದೆ ಯೂನಿಟ್ಟಿನ ದರವನ್ನೂ ದಿನದ ಶುಲ್ಕವನ್ನೂ ತೂಗಿ ನೋಡಬೇಕು.

ಇದೆಲ್ಲ ಆಯ್ಕೆಯುಳ್ಳವರ ಮಾತಾಯಿತು. ಮುಂಗಡ ಹಣ ತುಂಬಿದರಷ್ಟೇ ದೀಪ ಉರಿಯುವ ಮೀಟರಿನ ಬಡವನಿಗೆ ಇಂಥ ಕರಾರುಗಳು ದೊರೆಯುವುದೇ ಅಪರೂಪ. ಇನ್ನೊಂದು ಅನ್ಯಾಯ ಇದಕ್ಕಿಂತ ದೊಡ್ಡದು. ಅಗ್ಗದ ಕರಾರು ಕೊಟ್ಟು, ಅದಕ್ಕೆ ಬೇಕಾದ ಸರಕನ್ನು ಮುಂಗಡವಾಗಿ ಕೊಂಡಿಡದೆ ಜೂಜಾಡಿದ ಕಂಪನಿಗಳು 2021ರಿಂದಾಚೆಗೆ ಒಂದೊಂದಾಗಿ ನೆಲಕಚ್ಚಿದವು; ಮುಳುಗಿದವು ಮೂವತ್ತರ ಹತ್ತಿರ. ಗಿರಾಕಿಗಳನ್ನು ಬೇರೆ ಕಂಪನಿಗಳಿಗೆ ವರ್ಗಾಯಿಸಿದರು, ಆ ವರ್ಗಾವಣೆಯ ನಷ್ಟವನ್ನು ಎಲ್ಲರ ಬಿಲ್ಲಿಗೂ ಹಂಚಿದರು. ಮನೆಯೊಂದಕ್ಕೆ ಸುಮಾರು 94 ಪೌಂಡು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ಲೆಕ್ಕ ಹಾಕಿತು. ಲಾಭ ಬಂದಾಗ ಕಂಪನಿಯದು, ನಷ್ಟ ಬಂದಾಗ ಊರಿನದು! ಯೋಚಿಸಿ ಕರಾರು ಮಾಡಿಕೊಂಡವನೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ.

ನಮ್ಮಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಹಿರಂಗ ವಿಚಾರಣೆ ನಡೆಸಿ ದರ ಗೊತ್ತುಮಾಡುತ್ತದೆ. ಏರಿಕೆ ಬಂದಾಗ ನಾವು ಬೈಯುತ್ತೇವೆ, ಬೈಯಲು ಕಾರಣವೂ ಇರುತ್ತದೆ. ಆದರೆ ಬೈಯುವುದಕ್ಕೊಂದು ವಿಳಾಸವಿದೆ, ಗಿರಣಿ ಕಾರ್ಮಿಕನೂ ಎದ್ದುನಿಂತು ಆಕ್ಷೇಪ ಹೇಳಬಹುದು. ಒಂದೇ ಊರಿನಲ್ಲಿ ಒಂದೇ ತಂತಿಯ ಮೇಲೆ ಹಲವು ಕಂಪನಿಗಳು ವಿದ್ಯುತ್ತು ಮಾರಲೆಂಬ ಮಸೂದೆ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದು, ಆ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು. 2025ರ ಅಕ್ಟೋಬರಿನಲ್ಲಿ ಅದೇ ಯೋಚನೆ ಹೊಸ ಕರಡಾಗಿ ಮತ್ತೆ ಎದ್ದು ಬಂತು. 'ಗಿರಾಕಿಗೆ ಆಯ್ಕೆ' ಎಂಬ ಅದೇ ಹಳೆಯ ಬ್ರಿಟಿಷ್ ಮಾತು ಅದರ ಪರವಾಗಿ ಕೇಳಿಬರುತ್ತಿದೆ. ಇದನ್ನು ಒಪ್ಪುವ ಲೋಕಸಭಾ ಸದಸ್ಯರು ನಮ್ಮ ಬೀದಿಗೆ ಬಂದಾಗ ವಾಚಕರು ಕೇಳಲಿ: ಅಗ್ಗದ ಕರಾರು ಕೊಟ್ಟ ಕಂಪನಿ ನಡುವರುಷದಲ್ಲಿ ಬಾಗಿಲು ಹಾಕಿದರೆ, ಅದರ ಸಾಲ ಯಾರ ಬಿಲ್ಲಿಗೆ ಏರುತ್ತದೆ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಲಿ.