ಬೇಡದ ಬಸಿರು, ಗಂಡನ ಹಿಂಸೆ: ಕಾನೂನು ಕೊಟ್ಟ ಹಕ್ಕಿಗೆ ಆಸ್ಪತ್ರೆಯಲ್ಲಿ ತಡೆ ಏಕೆ?

ಬೇಡದ ಗರ್ಭಧಾರಣೆಗೆ ಮಾಹಿತಿಯ ಕೊರತೆಯೇ ಕಾರಣ ಎಂಬುದು ಸಾಮಾನ್ಯ ನಂಬಿಕೆ. ಆದರೆ ಗಂಡ ಕಾಂಡೋಮ್ ಬಳಸಲು ಒಪ್ಪದಿದ್ದರೆ, ಹೆಂಡತಿಯ ಬಳಿ ಮಾತ್ರೆ ಕಂಡರೆ ಅನುಮಾನಪಟ್ಟು ಹೊಡೆದರೆ ಮಾಹಿತಿ ಇದ್ದೂ ಪ್ರಯೋಜನವಿಲ್ಲ. ಅಂಥ ಮನೆಯಲ್ಲಿ ಹೆಣ್ಣಿಗೆ ಇಲ್ಲದಿರುವುದು ತಿಳಿವಳಿಕೆಯಲ್ಲ, 'ಬೇಡ' ಎನ್ನುವ ಸ್ವಾತಂತ್ರ್ಯ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 29.3ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 44.4. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು. ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ದೇಶದಲ್ಲಿ ಶೇ. 14ರಷ್ಟು ಮಾತ್ರ.

ಈ ಹಿಂಸೆಗೂ ಬಸಿರಿಗೂ ಇರುವ ನಂಟು ಹೊಸದಾಗಿ ಗೊತ್ತಾದದ್ದಲ್ಲ. ಸಂಗಾತಿಯಿಂದ ಹಿಂಸೆಗೊಳಗಾದ ಮಹಿಳೆಯರು ಗರ್ಭಪಾತಕ್ಕೆ ಒಳಗಾಗುವ ಸಾಧ್ಯತೆ ಇತರರಿಗಿಂತ ಎರಡು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿತ್ತು. ಸಂತಾನ ನಿಯಂತ್ರಣದ ಹೊರೆಯೂ ಹೆಣ್ಣಿನ ಮೇಲೇ ಇದೆ. ದೇಶದಲ್ಲಿ ಮಹಿಳೆಯರ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇ. 37.9 ಇದ್ದರೆ, ಪುರುಷರದ್ದು ಶೇ. 0.3.

ಸುಪ್ರೀಂ ಕೋರ್ಟ್ ಹೇಳಿದ್ದೇನು?

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ನೀಡಿತು. ಗರ್ಭಪಾತ ಕಾನೂನಿನ ಮಟ್ಟಿಗೆ 'ಅತ್ಯಾಚಾರ' ಎಂಬ ಪದದಲ್ಲಿ ಗಂಡನ ಬಲಾತ್ಕಾರವೂ ಸೇರುತ್ತದೆ ಎಂದಿತು. ಅಂದರೆ, ಹೀಗೆ ಬಸಿರಾದ ವಿವಾಹಿತೆಗೂ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಗರ್ಭಪಾತದ ಅವಕಾಶ ಸಿಗುತ್ತದೆ. ಇದಕ್ಕೆ ಪೊಲೀಸ್ ದೂರು ಕೊಡಬೇಕಿಲ್ಲ, ಕೋರ್ಟಿನಲ್ಲಿ ಅತ್ಯಾಚಾರ ಸಾಬೀತಾಗಬೇಕಿಲ್ಲ.

ವಿಪರ್ಯಾಸವೆಂದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲೂ ಗಂಡನಿಗೆ ವಿನಾಯಿತಿ ಮುಂದುವರಿದಿದೆ. ಹೆಂಡತಿಗೆ 18 ವರ್ಷ ತುಂಬಿದ್ದರೆ ಗಂಡನ ಬಲಾತ್ಕಾರ ಅಲ್ಲಿ ಅತ್ಯಾಚಾರವೇ ಅಲ್ಲ. ಒಂದೇ ಕೃತ್ಯವನ್ನು ಒಂದು ಕಾನೂನು ಗುರುತಿಸುತ್ತದೆ, ಇನ್ನೊಂದು ಗುರುತಿಸುವುದಿಲ್ಲ.

ಸಹಿ ಯಾರದ್ದು?

ವಯಸ್ಕ ಮಹಿಳೆಯ ಗರ್ಭಪಾತಕ್ಕೆ ಆಕೆಯ ಒಪ್ಪಿಗೆಯೊಂದೇ ಸಾಕು. ಗಂಡನ ಅಥವಾ ಮನೆಯವರ ಸಹಿ ಕಡ್ಡಾಯವಲ್ಲ. ಹಾಗಿದ್ದರೂ ವೈದ್ಯರು ಕಾನೂನಿನಲ್ಲಿಲ್ಲದ ಷರತ್ತುಗಳನ್ನು ಹಾಕುವುದನ್ನು ಅದೇ ತೀರ್ಪು ಆಕ್ಷೇಪಿಸಿದೆ. ಹೊಡೆಯುವವನ ಸಹಿಯನ್ನೇ ಕೇಳಿದರೆ ಹೆಣ್ಣು ಎಲ್ಲಿಗೆ ಹೋಗಬೇಕು? ತಡವಾದಷ್ಟೂ ವಾರಗಳು ಕಳೆಯುತ್ತವೆ, ಅಪಾಯ ಹೆಚ್ಚುತ್ತದೆ.

ಪರಿಹಾರ ದುಬಾರಿಯದ್ದಲ್ಲ. ತಪಾಸಣೆಯ ವೇಳೆ ಗಂಡ, ಅತ್ತೆಯನ್ನು ಹೊರಗೆ ಕೂರಿಸಿ ಮಹಿಳೆಯೊಬ್ಬಳನ್ನೇ ಎರಡು ನಿಮಿಷ ಮಾತನಾಡಿಸಿದರೆ ಎಷ್ಟೋ ಸಂಗತಿ ಹೊರಬರುತ್ತದೆ. ಮುಂಬೈ, ಪುಣೆಯಂಥ ಊರುಗಳಲ್ಲಿ ತವರಿನಿಂದ ದೂರವಿರುವ, ಅಲ್ಲಿನ ಭಾಷೆ ಬಾರದ ಕನ್ನಡದ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಗಂಡನೇ ದುಭಾಷಿಯಾಗಿ ಪಕ್ಕದಲ್ಲಿ ಕೂತರೆ ಆಕೆ ನಿಜ ಹೇಳುವುದಾದರೂ ಹೇಗೆ?

ಸಂಕಷ್ಟದಲ್ಲಿರುವ ಮಹಿಳೆಯರು 181 ಸಹಾಯವಾಣಿಗೆ ಕರೆ ಮಾಡಬಹುದು.