“ಮುಂದೇನಾಗತ್ತೆ ಅಂತ ಹೇಳ್ಬೇಡ ಅಪ್ಪಾ!”

ಮೊನ್ನೆ ಭಾನುವಾರ ಗೋಲ್‌ಪಾರ್ಕಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ತಡಕುತ್ತಾ ನಿಂತಿದ್ದೆ. ನಮ್ಮ ಕಸ್ಬಾದಿಂದ ಶೇರ್ ಆಟೋ ಹತ್ತಿ, ಬಿಜನ್ ಸೇತು ದಾಟಿ ಗರಿಯಾಹಾಟ್‌ನಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. ಅಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ದಾದಾ ಸಿಕ್ಕಿದರು. ವಯಸ್ಸು ಎಪ್ಪತ್ತು ದಾಟಿದೆ, ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾಗಿ ರಿಟೈರ್ ಆದವರು. ಕೈಯಲ್ಲಿ ಒಂದು ಫೆಲೂದಾ. ಹತ್ತು ರೂಪಾಯಿಗೆ ಚೌಕಾಸಿ ನಡೆದಿತ್ತು.

“ಇದನ್ನ ಓದಿಲ್ವಾ ದಾದಾ?” ಅಂದೆ.

“ಓದದೇ ಏನು! ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ನಮ್ಮ ಮನೇಲಿದ್ದದ್ದನ್ನ ಮೊಮ್ಮಗ ತಗೊಂಡು ಹೋದ” ಅಂದರು. ಮುಖದಲ್ಲಿ ನಾಚಿಕೆಯ ಸುಳಿವೇ ಇಲ್ಲ.

ನನಗೆ ನಮ್ಮೂರು ತಿಪಟೂರು ನೆನಪಾಯಿತು. ಎಂಬತ್ತರ ದಶಕದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೆ ಇಪ್ಪತ್ತೈದು ಪೈಸೆ ಕೊಟ್ಟು ತಂದ ಪತ್ತೇದಾರಿ ಕಾದಂಬರಿಯನ್ನು ಅಕೌಂಟೆನ್ಸಿ ಪುಸ್ತಕದ ಒಳಗಿಟ್ಟು ಓದುತ್ತಿದ್ದವನು ನಾನು. ಅಪ್ಪನ ಕೈಗೆ ಸಿಕ್ಕಿಬಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಅಮ್ಮನೂ ಅಷ್ಟೇ, ಸಾಯಿಸುತೆ, ಉಷಾ ನವರತ್ನರಾಂ ಕಾದಂಬರಿಗಳನ್ನು ಹಾಸಿಗೆ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಓದೋದು ಮನೆಮಂದಿಯೆಲ್ಲ, ಒಪ್ಪಿಕೊಳ್ಳೋರು ಯಾರೂ ಇಲ್ಲ! ಎನ್. ನರಸಿಂಹಯ್ಯನವರ ಒಂದು ಕಾದಂಬರಿಯ ಕೊನೇ ಪುಟವನ್ನು ಯಾರೋ ಪುಣ್ಯಾತ್ಮರು ಹರಿದಿದ್ದರು. ಕೊಲೆ ಮಾಡಿದವನು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಈ ನರಸಿಂಹಯ್ಯನವರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೆ ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನಿಂದಾಗಿ ಪುಸ್ತಕ ಹಿಡಿದವರು ಎಷ್ಟು ಜನವೋ. ಅವರು 2011ರಲ್ಲಿ ತೀರಿಕೊಂಡಾಗ, ಇವರಿಗೆ ನಾನು ಒಂದು ಕಾರ್ಡು ಕೂಡ ಬರೆದವನಲ್ಲವಲ್ಲ ಅಂತ ಬೇಜಾರಾಗಿತ್ತು.

ಇರಲಿ, ವಿಷಯಕ್ಕೆ ಬರ್ತೀನಿ. ನಾನು ಇವತ್ತು ಬರೆಯಬೇಕು ಅಂತ ಹೊರಟಿದ್ದು ಪ್ರೇಮ ಕಾದಂಬರಿ ಮತ್ತು ಥ್ರಿಲ್ಲರ್‌ಗಳ ಬಗ್ಗೆ. ನಾನು ವಿಮರ್ಶಕ ಅಲ್ಲ. ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು. 1999ರಲ್ಲಿ ಟ್ರಾನ್ಸ್‌ಫರ್ ಆಗಿ ಕೋಲ್ಕತ್ತಾಗೆ ಬಂದೆ. ಮೂರು ವರ್ಷಕ್ಕೆ ಅಂತ ಬಂದವನು ಇಲ್ಲೇ ಬೇರು ಬಿಟ್ಟೆ. ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಈ ಬರಹಕ್ಕೆ ಕಾರಣವೂ ಅವಳೇ.

ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಸ್ವಲ್ಪ ಬಂಗಾಳಿ ರಾಗ ಸೇರಿಸಿ. ಅಕ್ಷರ ನಾನೇ ಕಲಿಸಿದೆ. ಆದರೆ ಒತ್ತಕ್ಷರ ಬಂದರೆ ಎಡವುತ್ತಿದ್ದಳು. ಓದೋದಕ್ಕೆ ನಾನು ಕೊಟ್ಟದ್ದೇನು? ‘ಮಲೆಗಳಲ್ಲಿ ಮದುಮಗಳು’, ‘ಸಂಸ್ಕಾರ’! ಒಳ್ಳೆಯದನ್ನೇ ಕೊಡಬೇಕು ಅನ್ನೋ ಅಪ್ಪನ ಹಟ. ಹದಿನಾಲ್ಕು ವರ್ಷದ ಹುಡುಗಿ ಎರಡು ಪುಟಕ್ಕೆ ಮುಚ್ಚಿಟ್ಟು ಬಂಗಾಳಿಯಲ್ಲಿ ಬ್ಯೋಮಕೇಶ್ ಓದುತ್ತಾ ಕೂತಳು. ನನಗೆ ಸಿಟ್ಟು. ಅವಳಮ್ಮ ಒಂದೇ ಮಾತು ಹೇಳಿದಳು: “ಅನ್ನ ತಿನ್ನೋದು ಕಲಿಯದ ಮಗೂಗೆ ನೀವು ಮೊದಲ ದಿನವೇ ಹೋಳಿಗೆ ಊಟ ಬಡಿಸ್ತಿದ್ದೀರಿ ಕಣ್ರೀ.”

2019ರ ಪೂಜಾ ರಜೆಯಲ್ಲಿ ಊರಿಗೆ ಹೊರಟಿದ್ದೆವು, ದುರಂತೋದಲ್ಲಿ. ನನ್ನ ಚೀಲದಲ್ಲಿ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಇತ್ತು. ಅವಳ ಮೊಬೈಲ್ ಚಾರ್ಜ್ ಮುಗಿದಿತ್ತು. ಬೇರೆ ದಾರಿ ಇಲ್ಲದೆ ತೆಗೆದುಕೊಂಡಳು. ಮೊದಲ ಗಂಟೆ, “ಅಪ್ಪಾ, ಈ ಪದ ಏನು?” ಅಂತ ಪ್ರಶ್ನೆ. ಆಮೇಲೆ ಪ್ರಶ್ನೆ ನಿಂತಿತು. ರಾತ್ರಿ ಲೈಟ್ ಆರಿಸಿ ಅಂತ ಕೆಳಗಿನ ಬರ್ತಿನವರು ಗೊಣಗಿದರು. ವಿಜಯವಾಡದಲ್ಲಿ ನನಗೆ ಎಚ್ಚರ ಆದಾಗ ಟಾರ್ಚು ಹಿಡಿದು ಓದುತ್ತಿದ್ದಳು. “ಎಲ್ಲೀವರೆಗೆ ಬಂತು? ಆ ಸುರೇಶ–ಗೌರಿ...” ಅಂದೆ ಅಷ್ಟೇ. “ಮುಂದೇನಾಗತ್ತೆ ಅಂತ ಹೇಳ್ಬೇಡ ಅಪ್ಪಾ!” ಅಂತ ಕಿರುಚಿದಳು.

ಹನ್ನೆರಡು ವರ್ಷ ನಾನು ಕನ್ನಡ ಕಲಿಸಿದ್ದು ಒಂದು ಕಡೆ, ಆ ಒಂದು ರಾತ್ರಿ ಇನ್ನೊಂದು ಕಡೆ. ಒತ್ತಕ್ಷರದ ಸಮಸ್ಯೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಮುಂದೇನಾಯಿತು ಅನ್ನೋ ಕುತೂಹಲ ಇದ್ದರೆ ಕಣ್ಣು ತಾನೇ ಓಡುತ್ತೆ.

ಊರಿಂದ ವಾಪಸ್ ಬಂದ ಮೇಲೆ ಶುರುವಾಯಿತು ನೋಡಿ ನನ್ನ ಕಷ್ಟ. “ಅಪ್ಪಾ, ಮುಂದಿನದು?” ಕೈಗೆ ಕೊಟ್ಟೆ ‘ಚಿದಂಬರ ರಹಸ್ಯ’. 1985ರ ಕಾದಂಬರಿ. ಏಲಕ್ಕಿ ಬೆಳೆ ಯಾಕೆ ನಾಶವಾಗ್ತಿದೆ, ಆ ವಿಜ್ಞಾನಿ ಸತ್ತದ್ದು ಹೇಗೆ ಅಂತ ಹುಡುಕಿಕೊಂಡು ಬರುವ ಅಂಗಡಿ ಅನ್ನೋ ಇಂಟೆಲಿಜೆನ್ಸ್ ಅಧಿಕಾರಿ. ಜೊತೆಗೆ ರಫಿ–ಜಯಂತಿ ಪ್ರೇಮ. ಅಂದರೆ ಪತ್ತೇದಾರಿಯೂ ಹೌದು, ಲವ್ ಸ್ಟೋರಿಯೂ ಹೌದು. ಅದಕ್ಕೇ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು! ನಾವು ಮಾತ್ರ ಪತ್ತೇದಾರಿ ಅಂದರೆ ಕೀಳು, ಪ್ರೇಮ ಕಾದಂಬರಿ ಅಂದರೆ ಹೆಂಗಸರ ಟೈಂಪಾಸ್ ಅಂತ ಹೇಳ್ತಾ ಬಂದಿದ್ದೀವಿ.

ಆಮೇಲೆ ಕೆ.ಎನ್. ಗಣೇಶಯ್ಯನವರ ಸರದಿ. ಇವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು, ವಿಜ್ಞಾನಿ. ‘ಕನಕ ಮುಸುಕು’, ‘ಕರಿಸಿರಿಯಾನ’, ‘ಚಿತಾದಂತ’ ಎಲ್ಲಾ ಒಂದರ ಹಿಂದೊಂದು ಮುಗಿದವು. ‘ಕನಕ ಮುಸುಕು’ ಹುಟ್ಟಿದ್ದು ಹೊಯ್ಸಳರ ಶಿಲ್ಪಗಳ ಕೈಯಲ್ಲಿರುವ ಮುಸುಕಿನ ಜೋಳದಂಥ ತೆನೆಯಿಂದ. ಜೋಳ ಅಮೆರಿಕದ ಬೆಳೆ, ಕೊಲಂಬಸ್ ಆದಮೇಲೆ ನಮ್ಮಲ್ಲಿಗೆ ಬಂದದ್ದು ಅಂತ ನಾವು ಓದಿದ್ದು. ಹದಿಮೂರನೇ ಶತಮಾನದ ಸೋಮನಾಥಪುರದಲ್ಲಿ ಅದು ಹೇಗೆ? 1989ರಲ್ಲಿ ಇಬ್ಬರು ವಿದೇಶಿ ಸಂಶೋಧಕರು ಇದು ಜೋಳವೇ ಅಂತ ಬರೆದರು. 1993ರಲ್ಲಿ ನಮ್ಮವರೇ ಇಬ್ಬರು ವಿಜ್ಞಾನಿಗಳು, ಅಲ್ಲ ಅಂತ ಉತ್ತರ ಕೊಟ್ಟರು. ಜಗಳ ಪೂರ್ತಿ ತೀರಿಲ್ಲ. ಅಂಥ ತೀರದ ಜಗಳದಲ್ಲೇ ಥ್ರಿಲ್ಲರ್ ಇರೋದು.

ಗಣೇಶಯ್ಯನವರಲ್ಲಿ ನನಗೆ ಇಷ್ಟ ಅಂದರೆ ಕಾದಂಬರಿಯಲ್ಲೂ ಅಡಿಟಿಪ್ಪಣಿ, ಆಧಾರ ಕೊಡ್ತಾರೆ. ಬ್ಯಾಂಕಿನವನಿಗೆ ವೋಚರ್ ನೋಡಿದಷ್ಟು ಸಂತೋಷ! ದೂರು ಏನಂದರೆ, ಪಾತ್ರಗಳು ಒಮ್ಮೊಮ್ಮೆ ಪಾಠ ಮಾಡೋಕೆ ನಿಂತುಬಿಡುತ್ತವೆ. ಬೆನ್ನ ಹಿಂದೆ ಕೊಲೆಗಾರ ಇರುವಾಗಲೂ ಇತಿಹಾಸ ವಿವರಿಸೋ ತಾಳ್ಮೆ ನನಗಂತೂ ಇರಲ್ಲ. ಮಗಳ ತೀರ್ಪು: “ಮಾಹಿತಿ ಹತ್ತಕ್ಕೆ ಹತ್ತು, ಪಾತ್ರ ಹತ್ತಕ್ಕೆ ಐದು.”

ಮೈಸೂರಿನ ಅನುಷ್ ಶೆಟ್ಟಿ ಹೊಸ ತಲೆಮಾರಿನವರು. ‘ಜೋಡ್ಪಾಲ’, ‘ಹುಲಿ ಪತ್ರಿಕೆ’ ಎರಡನ್ನೂ ತರಿಸಿಕೊಂಡೆ. ಸಣ್ಣ ವಾಕ್ಯ, ಸರಳ ಕನ್ನಡ, ಕೆಳಗಿಡೋಕೆ ಬಿಡಲ್ಲ. ಹೊರನಾಡಿನಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಓದಿಸಬೇಕು ಅನ್ನೋರು ಇಲ್ಲಿಂದ ಶುರು ಮಾಡಿ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಥ್ರಿಲ್ಲರ್ ಅಂತ ಯಾರೂ ಕರೆಯಲ್ಲ. ನಾನು ಕರೀತೀನಿ. ಅದರಲ್ಲಿ ಅಪ್ಪ ಟೀ ಕಂಪನಿಯ ಸೇಲ್ಸ್‌ಮನ್. ದಿನದ ಲೆಕ್ಕ ತಾಳೆಯಾಗದೆ ಮನೆಯವರೆಲ್ಲ ಕೂತು ಹುಡುಕುವ ಒಂದು ಸಂದರ್ಭ ಇದೆ. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಒದ್ದಾಡಿದ ಯಾವ ಬ್ಯಾಂಕಿನವನಿಗೂ ಅದು ಕೊಲೆಗಿಂತ ಹೆಚ್ಚು ಎದೆ ಹೊಡಿಸುತ್ತೆ. ಕೊನೆ ಪುಟ ಮುಚ್ಚಿದಾಗ ನಡುಕ ಬಂತು. ಒಂದು ತೊಟ್ಟು ರಕ್ತ ಕಾಣಿಸದೆ!

ಇಷ್ಟು ಆದಮೇಲೆ ಮಗಳು ಕೇಳಿದಳು, “ಥ್ರಿಲ್ಲರ್ ಸಾಕು ಅಪ್ಪಾ. ಈಗಿನ ಕಾಲದ ಒಂದು ಒಳ್ಳೇ ಲವ್ ಸ್ಟೋರಿ ಕೊಡು.”

ಇಲ್ಲಿ ನಾನು ತಬ್ಬಿಬ್ಬಾದೆ.

ವಸುಧೇಂದ್ರರ ‘ತೇಜೋ–ತುಂಗಭದ್ರಾ’ ಕೊಟ್ಟೆ. 2019ರಲ್ಲಿ ಬಂದದ್ದು, ನಾನೂರು ಪುಟ ದಾಟುತ್ತೆ. ಲಿಸ್ಬನ್‌ನ ಗೇಬ್ರಿಯಲ್–ಬೆಲ್ಲಾ ಪ್ರೇಮ. ಅವನು ಕ್ರೈಸ್ತ, ಅವಳು ಯೆಹೂದಿ. ದುಡ್ಡು ಸಂಪಾದಿಸಿದರೆ ಮದುವೆ ಅಂತ ಅವನು ಹಡಗು ಹತ್ತುತ್ತಾನೆ. ಈ ಕಡೆ ತುಂಗಭದ್ರೆಯ ದಂಡೆಯಲ್ಲಿ ಹಂಪಮ್ಮ. ರಾತ್ರಿ ಎರಡು ಗಂಟೆಗೆ ಮಗಳ ರೂಮಿನಲ್ಲಿ ಬಿಕ್ಕುವ ಸದ್ದು ಕೇಳಿ ಇವಳು ಗಾಬರಿಯಾಗಿ ಓಡಿದಳು. ಪುಸ್ತಕ ನೋಡಿ ವಾಪಸ್ ಬಂದು ಮಲಗಿದಳು. ಆದರೆ ಅದು ಐನೂರು ವರ್ಷದ ಹಿಂದಿನ ಪ್ರೇಮ. “ಈಗಿನದು?” ಅಂದಳು ಮಗಳು.

ತ್ರಿವೇಣಿಯವರ ‘ಬೆಳ್ಳಿಮೋಡ’ ಕೊಟ್ಟೆ. ಸಿನಿಮಾ ಬಂದದ್ದೇ 1967ರಲ್ಲಿ. ಆದರೂ ನೋಡಿ, ಎಷ್ಟು ಖಡಕ್ ಕಥೆ. ಎಸ್ಟೇಟು ಇಂದಿರಾಗೆ ಬರುತ್ತೆ ಅನ್ನೋವರೆಗೆ ಮೋಹನನಿಗೆ ಪ್ರೀತಿ. ಅವಳಿಗೊಬ್ಬ ತಮ್ಮ ಹುಟ್ಟಿದ ಕೂಡಲೇ ಪ್ರೀತಿ ವಾಪಸ್! ಅಡಮಾನ ಸರಿಯಿಲ್ಲ ಅಂತ ಸಾಲ ರದ್ದು ಮಾಡಿದ ಹಾಗೆ. ಆಮೇಲೆ ಅವನು ಬದಲಾಗಿ ಬಂದರೂ ಇಂದಿರಾ ಒಪ್ಪಲ್ಲ. “ಸೂಪರ್ ಅಪ್ಪಾ ಇವಳು” ಅಂದಳು ಮಗಳು. ತ್ರಿವೇಣಿ 1963ರಲ್ಲಿ ತೀರಿಹೋದರು, ಮೂವತ್ತೈದೂ ತುಂಬಿರಲಿಲ್ಲ ಅಂದಾಗ ಸುಮ್ಮನಾದಳು.

ಈಗಿನ ಪ್ರೇಮ ಕಥೆಗಳೇ ಇಲ್ಲ ಅಂತಲ್ಲ. ಮೊಬೈಲಿನಲ್ಲಿ ಕಂತು ಕಂತಾಗಿ ರಾಶಿ ರಾಶಿ ಬರ್ತಿವೆ. ನಾನೂ ಕುತೂಹಲಕ್ಕೆ ಓದಿದೆ. ನಾಯಕನಿಗೆ ಇಪ್ಪತ್ತೇಳು ವರ್ಷ, ಸಾವಿರ ಕೋಟಿ ಕಂಪನಿಯ ಮಾಲೀಕ. ಆಫೀಸಿನಲ್ಲಿ ಕೆಲಸ ಮಾಡಿದ್ದು ಒಂದು ಕಂತಿನಲ್ಲೂ ಇಲ್ಲ. ನನಗೆ ಅನ್ನಿಸಿದ್ದು, ಸ್ವಾಮಿ, ಮೊದಲು ಬ್ಯಾಲೆನ್ಸ್ ಶೀಟ್ ತೋರಿಸಿ! ನಾಯಕಿ ಅವನನ್ನು ಬೈತಾಳೆ, ಅವನು ಗದರುತ್ತಾನೆ, ನೂರನೇ ಕಂತಿಗೆ ಮದುವೆ. ಮನೆ ಬಾಡಿಗೆ ಎಷ್ಟು, ತಮ್ಮನ ಫೀಸು ಯಾರು ಕಟ್ಟುತ್ತಾರೆ, ಜಾತಿ ಬೇರೆ ಅಂತ ಅಜ್ಜಿ ಊಟ ಬಿಟ್ಟಳಾ, ಯಾವುದೂ ಇಲ್ಲ.

ಥ್ರಿಲ್ಲರ್ ಬರೆಯೋರಲ್ಲೂ ಈ ಕಾಯಿಲೆ ಇದೆ. ಒಂದು ಕಡೆ ಓದಿದೆ, ಕ್ಲರ್ಕ್ ಒಬ್ಬ ಪಾಸ್‌ವರ್ಡ್ ಹಾಕಿ ಕೋಟಿಗಟ್ಟಲೆ ಹಣ ಸಾಗಿಸಿಬಿಡ್ತಾನೆ. ಬ್ಯಾಂಕಿನಲ್ಲಿ ಒಬ್ಬ ಎಂಟ್ರಿ ಹಾಕಿದರೆ ಇನ್ನೊಬ್ಬ ಪಾಸ್ ಮಾಡಬೇಕು. ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ. ಇಬ್ಬರೂ ಬರದೆ ಬಾಗಿಲು ತೆಗೆಯಲ್ಲ. ಇದನ್ನು ತಿಳಿದು ಬರೆದಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು. ಇಪ್ಪತ್ತು ವರ್ಷ ನಂಬಿದ ಜೊತೆಗಾರನ ಕೈಯಿಂದ ಎರಡನೇ ಕೀ ಬರೋದು ಹೇಗೆ? ಅಲ್ಲಿದೆ ಥ್ರಿಲ್.

ಇಲ್ಲಿ ಬಂಗಾಳಿಗಳನ್ನು ನೋಡಿ. 1932ರಲ್ಲಿ ಶರದಿಂದು ಬಂದ್ಯೋಪಾಧ್ಯಾಯರು ಬ್ಯೋಮಕೇಶನನ್ನು ಹುಟ್ಟಿಸಿದರು. ‘ಅರ್ಥಮನರ್ಥಂ’ ಅನ್ನೋ ಕಥೆಯಲ್ಲಿ ಕೊಲೆ ಆಪಾದನೆ ಹೊತ್ತವನ ತಂಗಿ ಸತ್ಯವತಿಯನ್ನು ಅವನು ಪ್ರೀತಿಸ್ತಾನೆ, ಮುಂದೆ ಮದುವೆಯಾಗ್ತಾನೆ. ಕೊಲೆ, ಆಸ್ತಿ, ಪ್ರೇಮ ಮೂರೂ ಒಂದೇ ಮನೆಯೊಳಗೆ. 1965ರಲ್ಲಿ ಸತ್ಯಜಿತ್ ರಾಯ್ ಮಕ್ಕಳ ಪತ್ರಿಕೆ ‘ಸಂದೇಶ್’ನಲ್ಲಿ ಫೆಲೂದಾ ಶುರು ಮಾಡಿದರು. ಜಗತ್ತೇ ಮೆಚ್ಚಿದ ನಿರ್ದೇಶಕನಿಗೆ ಪತ್ತೇದಾರಿ ಬರೆಯೋದು ಕೀಳು ಅನ್ನಿಸಲಿಲ್ಲ. ಬಾಂಗ್ಲಾದೇಶದ ಮೊಹಮ್ಮದ್ ನಾಜಿಮುದ್ದೀನ್ 2015ರಲ್ಲಿ ಬರೆದ ಥ್ರಿಲ್ಲರಿನ ಹೆಸರೇ ‘ರವೀಂದ್ರನಾಥರು ಇಲ್ಲಿಗೆ ಊಟಕ್ಕೆ ಎಂದೂ ಬಂದಿರಲಿಲ್ಲ’ ಅಂತ! ಗಡಿ ದಾಟಿ ಇಲ್ಲೂ ಓದಿಸಿಕೊಂಡಿತು. ಗಂಭೀರ ಸಾಹಿತ್ಯ ಇದರಿಂದ ಸತ್ತಿಲ್ಲ. ಫೆಲೂದಾ ಓದಿದ ಹುಡುಗರೇ ಮುಂದೆ ಜೀವನಾನಂದ ದಾಸರನ್ನೂ ಓದೋದು.

ಊರಲ್ಲಿರೋರಿಗೆ ಈ ಚಿಂತೆ ಅಷ್ಟಿಲ್ಲದೆ ಇರಬಹುದು. ಬೀದಿಯ ಬೋರ್ಡು, ಬಸ್ಸು, ಪೇಪರು ಎಲ್ಲಾ ಕಡೆ ಕನ್ನಡ ಕಣ್ಣಿಗೆ ಬೀಳುತ್ತೆ. ಕಸ್ಬಾದ ನಮ್ಮ ಫ್ಲ್ಯಾಟಿನಲ್ಲಿ ಕನ್ನಡ ಅಕ್ಷರ ಅಂದರೆ ಒಂದು ಕಪಾಟು, ಒಂದು ಕ್ಯಾಲೆಂಡರ್ ಅಷ್ಟೇ. ಆ ಕಪಾಟಿನಲ್ಲಿ ರಾತ್ರಿ ನಿದ್ದೆಗೆಡಿಸುವ ಪುಸ್ತಕ ಇಲ್ಲದಿದ್ದರೆ, ನಮ್ಮ ಮಕ್ಕಳಿಗೆ ಕನ್ನಡ ಅಜ್ಜಿ ಜೊತೆ ಫೋನಿನಲ್ಲಿ ಮಾತಾಡೋ ಭಾಷೆ ಮಾತ್ರ ಆಗುತ್ತೆ. ಅಜ್ಜಿ ಇರೋವರೆಗೆ.

ಮಗಳಿಗೆ ಈಗ ಪುಣೆಯಲ್ಲಿ ಕೆಲಸ. ಹೋಗುವಾಗ ಸೂಟ್‌ಕೇಸಿಗೆ ನಾಲ್ಕು ಕನ್ನಡ ಪುಸ್ತಕ ಹಾಕಿಕೊಂಡಳು, ನಾನು ಹೇಳದೆ. ಮೊದಲನೆಯದು ‘ಜುಗಾರಿ ಕ್ರಾಸ್’. ಕಳೆದ ವಾರ ಮೆಸೇಜ್ ಬಂತು: “ಅಪ್ಪಾ, ಎಲ್ಲಾ ಮುಗೀತು. ಇನ್ನೂ ಕಳಿಸು. ಲವ್ ಸ್ಟೋರಿ ಮರೀಬೇಡ.”

ಆದ್ದರಿಂದ ನಿಮ್ಮನ್ನೇ ಕೇಳ್ತಿದ್ದೀನಿ. ದುಬೈ, ಡೆಟ್ರಾಯಿಟ್, ದೆಹಲಿ ಎಲ್ಲೇ ಇರಿ, ಕಳೆದ ಹತ್ತು ವರ್ಷದಲ್ಲಿ ಬಂದ ಒಂದು ಒಳ್ಳೇ ಕನ್ನಡ ಪ್ರೇಮ ಕಾದಂಬರಿಯ ಹೆಸರು ಹೇಳಿ. ನಾಯಕ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋನಾಗಿರಬೇಕು, ಅದೊಂದೇ ಷರತ್ತು. ಮತ್ತೆ ದಯವಿಟ್ಟು... ಮುಂದೇನಾಗತ್ತೆ ಅಂತ ಹೇಳ್ಬೇಡಿ!